ಲಕ್ಷದೀಪೋತ್ಸವದಲ್ಲಿ ಒಂದೇ ಪಣತಿ

ಹುಬ್ಬಳ್ಳಿಯ ಸಿದ್ಧಾರೂಢ ಮಠದ ಲಕ್ಷದೀಪೋತ್ಸವಕ್ಕೆ ಮೊದಲ ಸಲ ಕ್ಯಾಮೆರಾ ಹಿಡಿದು ಹೋದಾಗ ಇನ್ನೂರಕ್ಕೂ ಹೆಚ್ಚು ಫೋಟೊ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಕರೇ ಕಂಬಳಿಯ ಮೇಲೆ ಜೋಳ ಚೆಲ್ಲಿದಂಥ ಹಳದಿ ಚುಕ್ಕೆಗಳು. ಅಷ್ಟು ದೀಪಗಳ ನಡುವೆ ನಿಂತಾಗ ಎದೆ ತುಂಬಿ ಬಂದಿತ್ತಲ್ಲ, ಅದು ಒಂದರಲ್ಲೂ ಇರಲಿಲ್ಲ. ಎಲ್ಲವನ್ನೂ ಒಮ್ಮೆಲೇ ಹಿಡಿಯಲು ಹೋಗಿದ್ದೆ.

ಮರುವರ್ಷ ದೀಪಾವಳಿಗೇ ಮಾಳಿಗೆ ಮೇಲೆ ಅಭ್ಯಾಸ ಶುರು ಮಾಡಿದೆ. ಕಟ್ಟೆಯ ಮೇಲೊಂದು ಪಣತಿ, ಹಿಂದೆ ದೂರದಲ್ಲಿ ಎದುರು ಮನೆಯ ಸೀರಿಯಲ್ ಸೆಟ್ಟು, ಆಕಾಶಬುಟ್ಟಿ. ಕ್ಯಾಮೆರಾ ಜೊತೆ ಬಂದಿದ್ದ ಲೆನ್ಸಿನಲ್ಲಿ 55 ಎಂಎಂಗೆ (ಅದು ಫೋಕಲ್ ಲೆಂಗ್ತ್, ದೃಶ್ಯವನ್ನು ಎಷ್ಟು ಹತ್ತಿರ ಎಳೆದು ತೋರಿಸುತ್ತದೆ ಎಂಬ ಅಳತೆ) ಎಫ್/5.6. ಎಂಎಂ ಅನ್ನು ಎಫ್ ಅಂಕಿಯಿಂದ ಭಾಗಿಸಿದರೆ ಬೆಳಕು ನುಗ್ಗುವ ಕಿಂಡಿ ಸಿಗುತ್ತದೆ, ಇಲ್ಲಿ ಸುಮಾರು 10 ಮಿಲಿಮೀಟರ್. 50 ಎಂಎಂ ಎಫ್/1.8 ಲೆನ್ಸಿನಲ್ಲಿ ಅದೇ ಕಿಂಡಿ ಸುಮಾರು 28. ಹಿಂದಿನ ದೀಪಗಳು ಮಸುಕಾಗಿ ದುಂಡಗೆ ಅರಳುತ್ತವಲ್ಲ, ಅದು ಆ ಕಿಂಡಿಯದೇ ಆಕಾರ. ಎಫ್/4ಕ್ಕೆ ಕಿಂಡಿ ಕಿರಿದಾಗಿಸಿದರೆ, ಅದನ್ನು ಮುಚ್ಚುವ ಅಲಗುಗಳು ಏಳಿರುವ ನನ್ನ ಈ 50 ಎಂಎಂ ಲೆನ್ಸಿನಲ್ಲಿ ದುಂಡು ಹೋಗಿ ಏಳು ಮೂಲೆ ಬರುತ್ತವೆ. ಪೂರ್ತಿ ತೆರೆದರೆ ನಡುವೆ ದುಂಡು, ಚಿತ್ರದ ಅಂಚಿನಲ್ಲಿ ನಿಂಬೆಹಣ್ಣಿನಂತೆ ಉದ್ದುದ್ದ. ನನಗಂತೂ ಆ ನಿಂಬೆಹಣ್ಣುಗಳೇ ಇಷ್ಟ.

ಆದರೆ ಲೆನ್ಸಿಗಿಂತ ಹೆಚ್ಚು ಕೆಲಸ ಮಾಡಿದ್ದು ದೂರ. ಪಣತಿಯಿಂದ ಒಂದು ಮೀಟರ್ ದೂರ ಕೂತಿದ್ದವನು ಅರ್ಧ ಮೀಟರಿಗೆ ಸರಿದೆ; ಹಿಂದಿನ ಬೆಳಕಿನ ಉಂಡೆಗಳು ಎರಡು ಪಟ್ಟು ದೊಡ್ಡವಾದವು. ಹೊಸ ಲೆನ್ಸಿಗೆ ದುಡ್ಡು ಹಾಕುವ ಮೊದಲು ಇದೊಂದನ್ನು ಮಾಡಿ ನೋಡಿ.

ಇನ್ನು ಸೀರಿಯಲ್ ಸೆಟ್ಟು. ಶಟರ್ 1/500 ಸೆಕೆಂಡು ಮಾತ್ರ ತೆರೆಯುವಂತೆ ಹೊಡೆದಾಗ ಕೆಲವು ಬಲ್ಬು ಕಾಣೆಯಾಗಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸರ ಅದರ ಜೊತೆಗೇ ಮಿಣುಕುತ್ತದೆ. ಒಂದು ಸುತ್ತು ಪೂರ್ತಿ ಸಿಗುವಂತೆ 1/50ಕ್ಕೆ ಇಳಿಸಿದೆ, ಎಲ್ಲವೂ ಬಂದವು.

ಆಮೇಲೆ ಲಕ್ಷದೀಪೋತ್ಸವಕ್ಕೆ ಮತ್ತೆ ಮಠಕ್ಕೆ ಹೋದೆ. ಅಲ್ಲಿ ಎಣ್ಣೆದೀಪಕ್ಕೆ ಆ ತೊಂದರೆ ಇಲ್ಲ. ಟ್ರೈಪಾಡ್ ಒಯ್ಯಲಿಲ್ಲ, ಅಷ್ಟು ಜನರ ನಡುವೆ ಅದು ಕಾಲಿಗೆ ತೊಡರುತ್ತದೆ. ನೆಲದ ಮೇಲೆ ಕೂತು, ಚೀಲದ ಮೇಲೆ ಕ್ಯಾಮೆರಾ ಇಟ್ಟು, ಪಣತಿಯ ಮಟ್ಟಕ್ಕೆ ಕಣ್ಣು ತಂದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 400, ಶಟರ್ 1/250, ಎಫ್/1.8. ಬೆಳಕಿನ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೊದಲ್ಲಿ ಬಿಟ್ಟರೆ ಜ್ವಾಲೆಯ ಅರಿಶಿನ ಬಣ್ಣವೇ ತೊಳೆದುಹೋಗುತ್ತದೆ. ನಾನು 3500 ಕೆಲ್ವಿನ್‌ಗೆ ಕಟ್ಟಿಹಾಕಿದೆ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಸೆಂಟಿಮೀಟರಿನ ಆಸುಪಾಸು. ಪಣತಿಯ ಅಂಚಿಗೆ ಫೋಕಸ್ ಮಾಡಿದರೆ ಬತ್ತಿ ಮಸುಕು. ಹಾಗಾಗಿ ಬತ್ತಿಯ ತುದಿಗೇ ಮಾಡಿ, ಮುಟ್ಟದೆ ಕಾದೆ.

ಎರಡು ಪಣತಿ ಅಡ್ಡ ಬರುತ್ತಿದ್ದವು. ಬೇರೆಯವರು ಬೇಡಿಕೊಂಡು ಹಚ್ಚಿದ ದೀಪವನ್ನು ಫೋಟೊಕ್ಕಾಗಿ ಸರಿಸಬಾರದು, ನಾನೇ ಸರಿದೆ. ಅಷ್ಟರಲ್ಲಿ ಪಕ್ಕದ ಅಜ್ಜಿ, “ತಡಿ ತಮ್ಮಾ, ದೀಪಾ ಸಣ್ಣಾಗೇತಿ, ಎಣ್ಣಿ ಹಾಕ್ತೇನಿ” ಎಂದು ಕೈ ಚಾಚಿದರು. ಹಸಿರು ಬಳೆ, ಸುಕ್ಕು ಬೆರಳು, ಬಾಟಲಿಯ ಬಾಯಿಂದ ಇಳಿಯುತ್ತಿದ್ದ ಎಣ್ಣೆಯ ಎಳೆ, ಅದರ ಹಿಂದೆ ಬಂಗಾರದ ಉಂಡೆಗಳಾಗಿ ಅರಳಿದ ಉಳಿದೆಲ್ಲ ದೀಪ. ಆಗ ಬಟನ್ ಒತ್ತಿದೆ.