ಐವತ್ತು ದಾಟಿದ ಈಜುಗಾರರೇ, ಪುಡಿ ಡಬ್ಬಿ ತೆರೆಯುವ ಮುಂಚೆ

ಮಾಸ್ಟರ್ಸ್ (ವಯಸ್ಸಿನ ಗುಂಪುಗಳಲ್ಲಿ ಹಿರಿಯರಿಗಾಗಿ ನಡೆಯುವ) ಈಜು ಸ್ಪರ್ಧೆಗೆ ತಯಾರಾಗುತ್ತಿದ್ದರೆ ಮೊದಲು ನಿಮ್ಮ ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಹೈಡ್ರೋಕ್ಲೋರೋಥಯಾಝೈಡ್ ಅಂತ ಇದೆಯಾ? ಅದು ಮೂತ್ರ ಹೆಚ್ಚಿಸುವ ಔಷಧಿ, ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಹಾಗಂತ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಬೇರೆ ಮಾತ್ರೆ ಆಗುತ್ತಾ ಕೇಳಿ, ಆಗದಿದ್ದರೆ ಚಿಕಿತ್ಸಾ ವಿನಾಯಿತಿಗೆ (ಚಿಕಿತ್ಸೆಗಾಗಿ ನಿಷೇಧಿತ ಔಷಧಿ ಬಳಸುವ ಅನುಮತಿಗೆ) ಅರ್ಜಿ ಹಾಕಿ.

ಸ್ನಾಯುಗಳ ಶಕ್ತಿಗೆ ತಗೊಳ್ಳುವ ಕ್ರಿಯೇಟಿನ್ ಪುಡಿ ದಿನಕ್ಕೆ 3ರಿಂದ 5 ಗ್ರಾಂ ಸಾಕು, ಅದೂ ಕಿಡ್ನಿ ಸರಿಯಿದ್ದರೆ ಮಾತ್ರ. ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಬರಬಹುದು, ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ನನಗೆ ನಿಜವಾದ ಭಯ ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪ್ರೀ-ವರ್ಕೌಟ್ ಪುಡಿಗಳದ್ದು. ‘ಪ್ರೊಪ್ರೈಟರಿ ಬ್ಲೆಂಡ್’ ಅಂತ ಬರೆದು ಯಾವುದು ಎಷ್ಟಿದೆ ಹೇಳದ ಡಬ್ಬಿ ಬೇಡವೇ ಬೇಡ. ಕೆಲವದರಲ್ಲಿ ಒಂದು ಸ್ಕೂಪಿಗೇ 200-300 ಮಿಲಿಗ್ರಾಂ ಕೆಫೀನ್ ಇರುತ್ತದೆ, ಬೆಳಗಿನ ಎರಡು ಲೋಟ ಫಿಲ್ಟರ್ ಕಾಫಿಯ ಮೇಲೆ ಅದೂ ಸೇರಿದರೆ ಎದೆ ಡವಡವ ಅನ್ನದೇ ಇರುತ್ತಾ? ನಿಷೇಧಿತ ವಸ್ತುಗಳಿಗಾಗಿ ಪರೀಕ್ಷೆಯಾಗಿದೆ ಅಂತ ಸೂಚಿಸುವ ‘ಇನ್ಫಾರ್ಮ್ಡ್ ಸ್ಪೋರ್ಟ್’ ಗುರುತು ಕಂಡರೂ ಡಬ್ಬಿಯ ಬ್ಯಾಚ್ ನಂಬರನ್ನು ಅವರ ಜಾಲತಾಣದಲ್ಲಿ ಹುಡುಕಿಯೇ ಕೊಳ್ಳಿ.