ತಾಡಪಾಲಿನ ಕೆಳಗೆ ಎರಡು ರಾತ್ರಿ

ಜನವರಿಯ ಎರಡನೇ ವಾರ. ಶುಕ್ರವಾರ ಒಂದು ದಿನ ರಜೆ ಹಾಕಿ, ಗುರುವಾರ ರಾತ್ರಿಯೇ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತಿದ್ದೆ. ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಎದುರಿಗಿದ್ದ ಆಟೋದ ದೀಪ ಕೂಡ ಹಳದಿ ಚುಕ್ಕೆಯ ಹಾಗೆ ಕಾಣುತ್ತಿತ್ತು, ಅಷ್ಟು ಮಂಜು. ಸಿದ್ದಾಪುರದ ದಾರಿಯಿಂದ ಒಳಗೆ ತಿರುಗಿ ನಮ್ಮ ಮನೆ ತಲುಪುವ ಹೊತ್ತಿಗೆ ಬೆಳಕಾಗಿತ್ತು. ಅಂಗಳದ ಚಪ್ಪರದ ಮೇಲೆ ಬೇಯಿಸಿದ ಅಡಿಕೆ, ಬಚ್ಚಲ ಒಲೆಯ ಹೊಗೆ, ಕಂಬಳಿ ಹೊದ್ದು ಜಗಲಿಯಲ್ಲಿ ಕೂತ ಆಯಿ, ನನ್ನ ಅಮ್ಮ. ಎಲ್ಲ ಯಾವಾಗಿನ ಹಾಗೆಯೇ. ಮನೆಯ ಹಿಂಬದಿಗೆ ಮಾತ್ರ ಮಾಡು ಇರಲಿಲ್ಲ, ದುರಸ್ತಿಗೆಂದು ಹೆಂಚು ಇಳಿಸಿದ್ದೆವು. ಅಡುಗೆಮನೆಯ ಮೇಲೆ ನೀಲಿ ತಾಡಪಾಲು. ಜಗಲಿಯ ತಾಪಮಾಪಕದಲ್ಲಿ 12 ಡಿಗ್ರಿ.

ಈ ಚಳಿಯಲ್ಲಿ ಯಾಕೆ ಹೆಂಚು ಇಳಿಸಿದಿರಿ ಎಂದು ಬಹಳ ಜನ ಕೇಳಿದ್ದಾರೆ. ಮಣ್ಣಿನ ಗೋಡೆ ಮುಂದಿನ ಮಳೆಯೊಳಗೆ ಒಣಗಬೇಕೆಂದರೆ ನಮ್ಮ ಕಡೆ ಬೇರೆ ಕಾಲವೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಮಳೆ, ಅಕ್ಟೋಬರ್‌ನಲ್ಲೂ ನಂಬುವ ಹಾಗಿಲ್ಲ. ದೀಪಾವಳಿ ಕಳೆದು ಮಳೆ ಬಿಡುತ್ತಿದ್ದಂತೆ ಅಡಿಕೆ ಕೊನೆ ಕೊಯ್ಲು ಶುರು. ಮರ ಹತ್ತಿ ಕೊಯ್ಯುವ ಕೊನೆಗೌಡರು, ಅಡಿಕೆ ಸುಲಿಯುವವರು, ಬೇಯಿಸುವವರು ಎಂದು ಊರಿನ ಅಷ್ಟೂ ಕೈ ತೋಟ ಮತ್ತು ಅಂಗಳದಲ್ಲೇ ಇರುತ್ತವೆ. ನಮಗೆ ಸಿಕ್ಕಿದ್ದು ಬಡಗಿ ಆಚಾರ್ರು ಮತ್ತು ಅವರ ಮಗ, ಅದೂ ವಾರಕ್ಕೆ ಮೂರು ದಿನ. ನಾನು ತಿಂಗಳಿಗೆ ಎರಡು ಸಲ ಬಂದು ಸೇರಿಕೊಳ್ಳುತ್ತಿದ್ದೆ.

ಮೊದಲು ಮನೆ ನೋಡಲು ಬಂದಿದ್ದ ಒಬ್ಬ ಇಂಜಿನಿಯರ್ ಹಿಂಬದಿಯನ್ನು ಪೂರ್ತಿ ಕೆಡವಿ ಪಿಲ್ಲರ್ ಎಬ್ಬಿಸಿ ಆರ್‌ಸಿಸಿ ಹಾಕಿಬಿಡಿ ಎಂದಿದ್ದರು. ನನಗೆ ಮನಸ್ಸು ಬರಲಿಲ್ಲ. ಜಂಬಿಟ್ಟಿಗೆ ಕಲ್ಲಿನ ಪಂಚಾಂಗದ, ಅಂದರೆ ತಳಪಾಯದ, ಮೇಲೆ ಎದ್ದ ಮಣ್ಣಿನ ಗೋಡೆ ಅದು, ಒಂದೂವರೆ ಅಡಿ ದಪ್ಪ. ಹಾಳಾಗಿದ್ದರೆ ಯಾಕೆ ಹಾಳಾಯಿತು ಎಂದು ತಿಳಿಯದೆ ಕೆಡವುವುದು ಸರಿಯಲ್ಲ ಅನ್ನಿಸಿತು.

ಹೆಂಚು ಇಳಿಸಿ ಆರಿಸುವ ಕೆಲಸವನ್ನು ಡಿಸೆಂಬರ್‌ನಲ್ಲೇ ಮುಗಿಸಿದ್ದೆವು. ನೂರು ಚದರ ಅಡಿಗೆ ಸುಮಾರು 150 ಮಂಗಳೂರು ಹೆಂಚು ಹಿಡಿಯುತ್ತದೆ. ಅಡುಗೆಮನೆ, ಉಗ್ರಾಣ, ಬಚ್ಚಲು ಸೇರಿ ನಮ್ಮದು ಎರಡು ಸಾವಿರದಷ್ಟಿತ್ತು. ಒಂದೊಂದನ್ನೂ ಕೈಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಖಣ್ ಎಂದರೆ ಗಟ್ಟಿ. ಸದ್ದು ಒಡೆದು ಬಂದರೆ ಕಣ್ಣಿಗೆ ಕಾಣದ ಬಿರುಕು ಇದೆ ಎಂದೇ ಅರ್ಥ, ಪಕ್ಕಕ್ಕೆ. ಪಾಚಿ ತೆಗೆಯಲು ತೆಂಗಿನ ನಾರು ಮತ್ತು ನೀರು ಸಾಕು. ಜೋರು ನೀರಿನ ಯಂತ್ರ ಬಿಟ್ಟರೆ ಹೆಂಚಿನ ಮೇಲ್ಮೈ ಎದ್ದುಹೋಗಿ ಮುಂದಿನ ಮಳೆಗಾಲದಲ್ಲಿ ಇನ್ನಷ್ಟು ನೀರು ಕುಡಿಯುತ್ತದೆ. ಅಡ್ಡ ಮಲಗಿಸಿ ಪೇರಿಸಬೇಡಿ, ತುದಿಯ ಮೇಲೆ ನಿಲ್ಲಿಸಿ ಒಂದಕ್ಕೊಂದು ಒರಗಿಸಿ ಇಡಿ.

ಕೆಲವು ಹೆಂಚಿನ ಬೆನ್ನಿಗೆ ಬಾಸೆಲ್ ಮಿಷನ್ ಎಂದೂ 1865 ಎಂದೂ ಅಚ್ಚಿತ್ತು. ಮನೆಯೇ 1865ರದ್ದು ಎಂದು ಚಿಕ್ಕಪ್ಪ ಎಲ್ಲರಿಗೂ ಹೇಳುತ್ತಿದ್ದರು. ಅದು ಮಂಗಳೂರಿನಲ್ಲಿ ಆ ಕ್ರೈಸ್ತ ಮಿಷನ್ನಿನ ಹೆಂಚಿನ ಕಾರ್ಖಾನೆ ಶುರುವಾದ ಇಸವಿ, ಹೆಂಚು ಸುಟ್ಟ ಇಸವಿಯಲ್ಲ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಹಾಗಾಗಿ ಮಿಷನ್ನಿನ ಅಚ್ಚಿರುವ ಹೆಂಚಿಗೆ ನೂರು ವರ್ಷವಾದರೂ ಆಗಿದೆ. ನೇತ್ರಾವತಿ ದಂಡೆಯ ಕಡೆಯ ಜೇಡಿಮಣ್ಣು ಘಟ್ಟ ಹತ್ತಿ ಬಂದು ಇಷ್ಟು ಮಳೆಗಾಲ ನಿಂತಿದೆ. ಅಂಥವು 312 ಸಿಕ್ಕವು, ಅದರಲ್ಲಿ ಒಡಕು ಒಂಬತ್ತು ಮಾತ್ರ.

ಶುಕ್ರವಾರದ ಕೆಲಸ ಮರದ್ದು. ಆಚಾರ್ರು ಏಣಿ ಇಟ್ಟು, ಮಾಡನ್ನು ಹೊರುವ ಓರೆ ಮರಗಳಾದ ಪಕಾಸುಗಳಿಗೆ ಒಂದೊಂದಾಗಿ ಉಳಿಯ ಮೊನೆ ಚುಚ್ಚುತ್ತ ಹೋದರು. ನಾನು ಕೆಳಗೆ ನಿಂತು ಬರೆದುಕೊಳ್ಳುತ್ತಿದ್ದೆ. ಅಡುಗೆಮನೆಯ ಹಳೇ ಒಲೆಯ ನೇರಕ್ಕಿದ್ದ ಪಕಾಸುಗಳು ಮಸಿ ಹಿಡಿದು ಕಪ್ಪು ಕಲ್ಲಿನಂತಾಗಿದ್ದವು. ಉಳಿ ಅಕ್ಕಿಕಾಳಿನಷ್ಟೂ ಇಳಿಯಲಿಲ್ಲ. ಬಚ್ಚಲ ಮೇಲಿನವೂ ಹಾಗೆಯೇ. ನಡುವಿನ ಉಗ್ರಾಣಕ್ಕೆ ಬಂದಾಗ ಉಳಿ ಹಿಡಿಯವರೆಗೂ ಒಳಗೆ ಹೋಯಿತು.

"ಹೆಗಡೇರೇ, ಇದು ಮರ ಅಲ್ಲ, ಬರೀ ಸಿಪ್ಪೆ" ಎಂದು ಆಚಾರ್ರು ಒಂದು ತುಂಡು ಮುರಿದು ಕೈಗೆ ಕೊಟ್ಟರು. ಹೊರಗೆ ನಯವಾದ ಹಲಸಿನ ಮರ, ಒಳಗೆ ಗೆದ್ದಲು ಕಟ್ಟಿದ ಮಣ್ಣು.

ಮೂರೂ ಕಡೆ ಒಂದೇ ಕಾಲದ, ಒಂದೇ ಜಾತಿಯ ಮರ. ಆಯಿ ಕೆಳಗಿನಿಂದಲೇ ಹೇಳಿದಳು: "ಹೊಗೆ ಇದ್ದಲ್ಲಿ ಹುಳ ಇರ್ತಿಲ್ಲೆ ತಮಾ." ಮೊದಲು ಅಡುಗೆಮನೆಯ ಹೊಗೆ ಗೋಡೆಯ ಮೇಲಿನ ಸಂದಿನಿಂದ ಉಗ್ರಾಣದ ಅಟ್ಟಕ್ಕೂ ಹೋಗುತ್ತಿತ್ತಂತೆ. 1993ರಲ್ಲಿ ಗ್ಯಾಸ್ ಬಂತು, ಒಲೆ ಆರಿತು. ಅದೇ ವರ್ಷ ಅಪ್ಪ ಒಳಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಇಲಿ ಓಡಾಡುತ್ತವೆಂದು ಆ ಸಂದನ್ನೂ ಮುಚ್ಚಿಸಿದ್ದರು. ಒಲೆಯ ನೇರಕ್ಕಿದ್ದ ಪಕಾಸುಗಳನ್ನು ಹಳೆಯ ಮಸಿಯೇ ಕಾಯ್ದುಕೊಂಡು ಬಂದಿತ್ತು. ಉಗ್ರಾಣದ್ದಕ್ಕೆ ಅಷ್ಟು ಮಸಿ ಕೂತಿರಲಿಲ್ಲ.

ಉಗ್ರಾಣದ ಹದಿನಾಲ್ಕು ಪಕಾಸಿನಲ್ಲಿ ಆರನ್ನು ಪೂರ್ತಿ ಬದಲಿಸಬೇಕಾಯಿತು. ಐದರ ಗೋಡೆ ಬದಿಯ ತುದಿ ಮಾತ್ರ ಹೋಗಿತ್ತು. ಅವನ್ನು ಕೊಯ್ದು, ಓರೆಯಾಗಿ ಕಚ್ಚು ಕೊಟ್ಟು ಹಳೇ ಮರದ್ದೇ ತುಂಡು ಜೋಡಿಸಿದೆವು. ಎಲ್ಲದಕ್ಕೂ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯಬೇಕು. ಚಳಿಗೆ ಡಬ್ಬಿಯಲ್ಲಿ ಅದು ಜೋನಿಬೆಲ್ಲದ ಹಾಗೆ ಕುಳಿತಿತ್ತು, ಬ್ರಶ್ಶಿಗೆ ಹತ್ತಲಿಲ್ಲ. ಒಲೆಯ ಮೇಲೆ ಇಡಬೇಡಿ, ಅದರ ಹಬೆ ಕಣ್ಣು ಮೂಗಿಗೆ ಬಹಳ ಕೆಟ್ಟದ್ದು. ಹಂಡೆಯ ಬಿಸಿನೀರು ಬಕೆಟ್ಟಿಗೆ ಬಿಟ್ಟು ಅದರೊಳಗೆ ಡಬ್ಬಿ ಇಟ್ಟರೆ ಹತ್ತು ನಿಮಿಷಕ್ಕೆ ಸಡಿಲಾಗುತ್ತದೆ. ಕೈಗೆ ತೆಂಗಿನೆಣ್ಣೆ ಹಚ್ಚಿ, ಮೇಲೆ ಗವಸು ಹಾಕಿಕೊಳ್ಳಿ. ನನ್ನ ಗವಸು ಮಣಿಕಟ್ಟಿನ ಹತ್ತಿರ ಹರಿದಿದ್ದು ಕಂಡಿರಲಿಲ್ಲ. ಅಲ್ಲಿ ಎದ್ದ ಗುಳ್ಳೆಯ ಕಲೆ ಇನ್ನೂ ಇದೆ.

ಸಂಜೆ ಸುಣ್ಣ ಅರಳಿಸಿದೆವು. ಕಬ್ಬಿಣದ ಡ್ರಮ್ಮಿಗೆ ಅರ್ಧ ನೀರು ತುಂಬಿ, ಹರಳು ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಪ್ಲಾಸ್ಟಿಕ್ ಡ್ರಮ್ ಆ ಶಾಖ ತಡೆಯುವುದಿಲ್ಲ. ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಲೇಬಾರದು. ಎರಡು ಚೀಲ ಹಾಕುವಷ್ಟರಲ್ಲಿ ನೀರು ಕೊತಕೊತ ಕುದಿಯತೊಡಗಿತು. ಹೊತ್ತು ಮುಳುಗಿ ಚಳಿ ಇಳಿಯುತ್ತಿತ್ತು. ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯಲು ಬಂದಿದ್ದವರೂ ದಾರಿಯಲ್ಲಿ ನಿಂತು, ಡ್ರಮ್ಮಿನಿಂದ ಎರಡು ಮಾರು ದೂರದಲ್ಲಿ ಅಂಗೈ ಚಾಚಿಕೊಂಡರು. ಆಯಿ ಎಲ್ಲರಿಗೂ ಕಷಾಯ ಕೊಟ್ಟಳು. ಆ ಸುಣ್ಣ ನೀರಿನಡಿ ಕನಿಷ್ಠ ಹದಿನೈದು ದಿನ ಕೂರಬೇಕು, ತಿಂಗಳಾದರೆ ಇನ್ನೂ ಒಳ್ಳೆಯದು. ಬೆಣ್ಣೆಯಂತಾದ ಮೇಲೆ ಮಣ್ಣಿನ ಗೋಡೆಗೆ ತೆಳುವಾಗಿ ಮೂರು ನಾಲ್ಕು ಕೈ ಬಳಿಯುವುದಕ್ಕೆ.

ಗೋಡೆಯನ್ನು ಅಷ್ಟರಲ್ಲಿ ಬಿಚ್ಚಿ ಇಟ್ಟಿದ್ದೆವು. ಅಪ್ಪ ಮಾಡಿಸಿದ ಗಿಲಾವನ್ನು ಹಿಂದಿನ ಸಲವೇ ಒಡೆದು ತೆಗೆದಿದ್ದೆ. ಸಿಮೆಂಟು ಹಲಗೆ ಹಲಗೆಯಾಗಿ ಎದ್ದುಬಂದಿತ್ತು, ಹಿಂದಿನ ಮಣ್ಣು ನೆಲದಿಂದ ಮೂರಡಿವರೆಗೆ ಕೈಯಲ್ಲಿ ಉಂಡೆ ಕಟ್ಟುವಷ್ಟು ಹಸಿ. ನೆಲದ ತೇವ ಮಣ್ಣಿನ ಗೋಡೆಗೆ ಏರುವುದು ಇದ್ದದ್ದೇ, ಮೊದಲು ಅದು ಎರಡೂ ಮೈಯಿಂದ ಆರಿಹೋಗುತ್ತಿತ್ತು. ಸಿಮೆಂಟು ಬಂದಮೇಲೆ ಹೋಗಲು ದಾರಿ ಇಲ್ಲದೆ ಒಳಗೇ ಕೂತು ಗೆದ್ದಲನ್ನು ಕರೆದಿದೆ. ಅಪ್ಪನನ್ನು ನಾನು ದೂರುವುದಿಲ್ಲ. ಆಗ ಊರಿನಲ್ಲಿ ಎಲ್ಲರೂ ಅದನ್ನೇ ಮಾಡಿಸಿದರು. ಮನೆ ಗಟ್ಟಿಯಾಗಲೆಂದೇ ಅವರು ಸಾಲ ಮಾಡಿ ಮಾಡಿಸಿದ್ದು.

ಆ ರಾತ್ರಿ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಎರಡು ಕಂಬಳಿ ಹೊದ್ದು ಮಲಗಿದೆ. ಮೂರು ಗಂಟೆಯ ಸುಮಾರಿಗೆ ಟಪ್, ಟಪ್ ಎಂಬ ಸದ್ದಿಗೆ ಎಚ್ಚರವಾಯಿತು.

"ಮಳೆ ಬಂತನಾ ತಮಾ?" ಆಯಿಗೂ ಎಚ್ಚರವಾಗಿತ್ತು.

ಹೊರಗೆ ಬಂದು ನೋಡಿದೆ. ಆಕಾಶ ತಿಳಿಯಾಗಿತ್ತು, ಮೈತುಂಬ ನಕ್ಷತ್ರ. ಒಳಗೆ ಟಾರ್ಚ್ ಹಿಡಿದರೆ ತಾಡಪಾಲಿನ ಒಳಮೈ ಪೂರ್ತಿ ಹನಿ ಕಟ್ಟಿದೆ. ಒಂದೊಂದೇ ಹನಿ ಮಡಿಕೆಯ ಗುಂಟ ಜಾರಿ, ಒಣಗಲೆಂದು ಬಿಟ್ಟಿದ್ದ ಅದೇ ಗೋಡೆಯ ನೆತ್ತಿಗೆ ಬೀಳುತ್ತಿದೆ. ಮಣ್ಣು ಅಲ್ಲಲ್ಲಿ ಕರಗಿ ಕೆಂಪು ಗೆರೆ ಇಳಿದಿತ್ತು. ಹಸಿ ಗೋಡೆಯ ತೇವ, ಹಂಡೆಯ ಹಬೆ ಎಲ್ಲ ಮೇಲೇರಿ, ಆಕಾಶಕ್ಕೆ ಮೈಯೊಡ್ಡಿ ತಣ್ಣಗಾದ ಪ್ಲಾಸ್ಟಿಕ್ಕಿಗೆ ತಾಗಿ ನೀರಾಗುತ್ತಿತ್ತು. ಧೂಳು, ಚಳಿ ಒಳಗೆ ಬಾರದಿರಲೆಂದು ತಾಡಪಾಲನ್ನು ನಾಲ್ಕೂ ಬದಿಗೆ ಬಿಗಿದು ಕಟ್ಟಿದ್ದು ನಾನೇ.

ಬಕೆಟ್, ಬೋಗುಣಿ, ಪರಾತ ಎಲ್ಲ ಗೋಡೆಯ ಮೇಲೆ ಸಾಲಾಗಿ ಇಟ್ಟು ಬೆಳಗು ಮಾಡಿದೆ. ಮನಸ್ಸಿಗೆ ಬಹಳ ಬೇಸರವಾಗಿತ್ತು. ಮೂರು ವಾರ ಒಣಗಿಸಿದ್ದು ಒಂದು ರಾತ್ರಿಯಲ್ಲಿ ನೆನೆದಿತ್ತು.

ಶನಿವಾರ ಬೆಳಿಗ್ಗೆ ಆಚಾರ್ರು ಬಂದವರೇ ತಾಡಪಾಲಿನ ಹಗ್ಗ ಬಿಚ್ಚಿಸಿದರು. ನೆತ್ತಿಯ ಉದ್ದಕ್ಕೂ ಒಂದು ಅಡಿಕೆ ದಬ್ಬೆ ಕಟ್ಟಿ ತಾಡಪಾಲನ್ನು ಗೇಣಿನಷ್ಟು ಎತ್ತರಿಸಿದೆವು. ಸೂರಿನ ಕಡೆ ಎರಡೂ ಬದಿ ಒಂದಡಿ ತೆರೆದು ಬಿಟ್ಟೆವು. ಇಳಿಜಾರು ಹೆಚ್ಚಿಸಿದ್ದರಿಂದ ಹನಿ ಕಟ್ಟಿದರೂ ಗೋಡೆಯಿಂದಾಚೆಗೆ ಜಾರಿಹೋಗುವಂತಾಯಿತು. ಹೆಂಚಿನ ಮಾಡಿನಲ್ಲಿ ಈ ಕಷ್ಟ ಯಾವತ್ತೂ ಬಂದಿರಲಿಲ್ಲ. ಹೆಂಚು ಹೆಂಚಿನ ನಡುವೆ ಗಾಳಿ ಆಡುತ್ತದೆ, ಹೆಂಚೇ ಒಂದಿಷ್ಟು ತೇವ ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಹಳೇ ಮಾಡಿನ ಕೆಳಗೆ ಅಲ್ಯೂಮಿನಿಯಂ ಹಾಳೆಯೋ ಪ್ಲಾಸ್ಟಿಕ್ಕೋ ಒತ್ತಾಗಿ ಹೊಡೆಸುವ ಯೋಚನೆ ಇರುವವರು ಚಳಿಗಾಲದ ಒಂದು ಬೆಳಗಿನ ಜಾವ ಇಂಥ ತಾಡಪಾಲಿನ ಕೆಳಗೆ ನಿಂತು ನೋಡಿ ಆಮೇಲೆ ನಿರ್ಧರಿಸಲಿ.

ಎರಡನೇ ರಾತ್ರಿ ಚಳಿ ನೇರವಾಗಿ ಒಳಗೆ ಬಂತು. ನಿದ್ದೆ ಹತ್ತಲಿಲ್ಲ. ಮೂರಕ್ಕೆ ಎದ್ದು ಟಾರ್ಚ್ ಹಿಡಿದೆ. ಅಂಚಿನಲ್ಲಿ ನಾಲ್ಕಾರು ಹನಿ ಬಿಟ್ಟರೆ ಒಳಮೈ ಒಣ ಒಣ.

ಭಾನುವಾರ ಮಣ್ಣು ತುಳಿದೆವು. ಜರಡಿ ಹಿಡಿದ ಕೆಮ್ಮಣ್ಣಿಗೆ ಕತ್ತರಿಸಿದ ಬತ್ತದ ಹುಲ್ಲು ಸೇರಿಸಿ, ಹೊಂಡದಲ್ಲಿ ಎರಡು ವಾರ ಕೊಳೆಹಾಕಿ ಅಡಿಕೆ ಸೋಗೆ ಮುಚ್ಚಿಟ್ಟಿದ್ದೆವು. ಬೆಳಿಗ್ಗೆ ಏಳಕ್ಕೆ ಬರಿಗಾಲಲ್ಲಿ ಇಳಿಯುವುದಕ್ಕೆ ಧೈರ್ಯ ಬೇಕು. ಆದರೆ ಸೋಗೆಯಡಿಯ ಕೆಸರು ಹೊರಗಿನ ಗಾಳಿಗಿಂತ ಬೆಚ್ಚಗೇ ಇತ್ತು. ಬೆರಳ ಸಂದಿನಲ್ಲಿ ಹುಲ್ಲಿನ ಕಡ್ಡಿ ಸಿಗದಷ್ಟು ಮೆತ್ತಗಾಗುವವರೆಗೆ ತುಳಿಯಬೇಕು. ಹದ ನೋಡುವುದು ಹೀಗೆ: ಒಂದು ಉಂಡೆ ಮಾಡಿ ಗೋಡೆಗೆ ಎಸೆದರೆ ಅಂಟಿಕೊಂಡು ನಿಲ್ಲಬೇಕು, ಜಾರಬಾರದು, ಕೈಯಲ್ಲಿ ಉಳಿಯಬಾರದು. ನೆನೆದ ಗೋಡೆಯ ನೆತ್ತಿಯನ್ನು ಇದರಿಂದಲೇ ತಿದ್ದಿದೆವು. ಕೆಳಗಿನ ಮೂರಡಿಯನ್ನು ಮುಟ್ಟಲಿಲ್ಲ. ಅದು ಶಿವರಾತ್ರಿವರೆಗೂ ಬೆತ್ತಲೆ ಇರಲಿ, ಒಣಗಲಿ.

ಒಲೆಯ ಪ್ರಶ್ನೆ ಉಳಿದಿತ್ತು. ಅಡುಗೆಗೆ ಮತ್ತೆ ಕಟ್ಟಿಗೆ ಒಲೆ ಹಾಕುವುದಕ್ಕೆ ನಾನು ಒಪ್ಪಲಿಲ್ಲ. ಆಯಿ ಮೂವತ್ತು ವರ್ಷ ಊದುಕೊಳವೆ ಹಿಡಿದವಳು, ಅವಳ ಕೆಮ್ಮು ನನಗೆ ಗೊತ್ತು. ಮರಕ್ಕೆ ಹೊಗೆ ಬೇಕೆಂದು ಅವಳ ಎದೆಗೆ ಹೊಗೆ ತುಂಬುವುದು ಆಗದು. ಆದರೆ ಬಚ್ಚಲ ಒಲೆ ದಿನವೂ ಉರಿಯುತ್ತದೆ, ಅಲ್ಲಿ ಯಾರೂ ಕೂತಿರುವುದಿಲ್ಲ. ಬಚ್ಚಲಿಗೂ ಉಗ್ರಾಣಕ್ಕೂ ನಡುವಿನ ಗೋಡೆಯ ಮೇಲ್ತುದಿಯಲ್ಲಿ ಅಪ್ಪ ಮುಚ್ಚಿಸಿದ್ದ ಅಂಥದೇ ಇನ್ನೊಂದು ಸಂದನ್ನು ಆಚಾರ್ರ ಮಗ ಬಿಡಿಸಿ ತೆರೆದ. ಇಲಿ ಬಾರದಂತೆ ಕಬ್ಬಿಣದ ಜಾಳಿಗೆ ಹೊಡೆದೆವು. ಕೆಳಗೆ ಉಗ್ರಾಣದ ಮುಚ್ಚಿಗೆಯ ಹಲಗೆಗಳ ಸಂದು ಮಣ್ಣು ಮೆತ್ತಿ ಮುಚ್ಚಿದ್ದಾಯಿತು. ಹೊಗೆ ಹಲಗೆಯ ಮೇಲಿಂದ, ಪಕಾಸುಗಳ ನಡುವೆ ಸಾಗಿ ಹೆಂಚಿನ ಸಂದಿನಲ್ಲಿ ಹೊರಗೆ ಹೋಗಬೇಕು, ಕೋಣೆಗೆ ಇಳಿಯಬಾರದು.

ಸಂಜೆಯೊಳಗೆ ಉಗ್ರಾಣದ ಮೇಲೆ ಹೆಂಚು ಕೂರಿಸುವ ಹೊಸ ರೀಪು ಕೂತು, ಬಚ್ಚಲ ಬದಿಯಿಂದ ಏಳು ಸಾಲು ಹೆಂಚು ಏರಿತು. ಮಿಷನ್ನಿನ ಹೆಂಚುಗಳನ್ನೆಲ್ಲ ಅಲ್ಲೇ ಹೊದಿಸಿದೆವು. ರಾತ್ರಿಯ ರೈಲಿಗೆ ಹೊರಡುವ ಮುಂಚೆ ನನಗೆ ಮೀಯಲು ಆಯಿ ಹಂಡೆಗೆ ಬೆಂಕಿ ಹಾಕಿದಳು. ನಾನು ಏಣಿ ಹತ್ತಿ ಅಟ್ಟದೊಳಗೆ ಇಣುಕಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಜಾಳಿಗೆಯಿಂದ ತೆಳುವಾಗಿ ಹೊಗೆ ಬಂತು, ಪಕಾಸಿಗೆ ತಾಗಿಕೊಂಡೇ ಮೆಲ್ಲಗೆ ಮೇಲೇರಿತು. ಕೋಣೆಗೆ ಇಳಿದು ಮೂಸಿದೆ, ವಾಸನೆ ಇಲ್ಲ.

ಹೊರಗೆ ಆಯಿ ಅಂಗಳದ ತುದಿಯಲ್ಲಿ ಕಂಬಳಿ ಹೊದ್ದು, ತಲೆಯೆತ್ತಿ ಮಾಡನ್ನೇ ನೋಡುತ್ತ ನಿಂತಿದ್ದಳು. ಏಳು ಸಾಲು ಹೆಂಚಿನ ಸಂದು ಸಂದಿನಿಂದ ಹೊಗೆ ಎದ್ದು ಮಂಜಿಗೆ ಸೇರುತ್ತಿತ್ತು.