ಬರ್ಲಿನ್‌ನಲ್ಲಿ ಮನೆ ಹುಡುಕಿದ್ದು: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಕೂತು ಬರ್ಲಿನ್‌ನಲ್ಲಿ ಕಾಯಂ ಮನೆ ಹಿಡಿಯೋಕೆ ಹೋಗಬೇಡಿ. ನಮ್ಮ ಕಡೆಯಿಂದ ಕೆಲಸಕ್ಕೆ ಅಂತ ಜರ್ಮನಿಗೆ ಹೊರಟ ಯಾರೇ ಕೇಳಿದರೂ ನಾನು ಮೊದಲು ಹೇಳೋದು ಇದನ್ನೇ. ಮೊದಲ ಕೆಲವು ತಿಂಗಳಿಗೆ ಒಂದು ರೂಮು ಸಾಕು. ಮನೆಯನ್ನು ಅಲ್ಲಿ ಹೋಗಿ, ಕಣ್ಣಾರೆ ನೋಡಿ ಹಿಡಿಯಿರಿ.

ಮೊನ್ನೆ ಗೋಕುಲ ರೋಡಿನ ನಮ್ಮ ಕಾಕಾನ ಮಗ ಫೋನ್ ಮಾಡಿದ್ದ. "ಅಣ್ಣಾ, ಭಾರಿ ಮನಿ ಸಿಕ್ಕೇತಿ. ಮಾಲೀಕರು ಲಂಡನ್ನಿನ್ಯಾಗ ಅದಾರಂತ, ರೊಕ್ಕ ಹಾಕಿದ್ರ ಕೀಲಿ ಕೊರಿಯರ್ ಮಾಡ್ತಾರಂತ." ನಾನಂದೆ, "ಅದು ಮನಿ ಅಲ್ಲೋ, ಬರೇ ಫೋಟೋ." ಈ ಲಂಡನ್ ಮಾಲೀಕರ ಕತೆ ಅಲ್ಲಿ ಎಲ್ಲರಿಗೂ ಗೊತ್ತಿರೋ ಹಳೇ ಮೋಸ. ಮನೆ ನೋಡದೆ, ಕರಾರಿಗೆ ಸಹಿ ಆಗದೆ ಒಂದು ಯುರೋ ಕೂಡ ಕಳಿಸಬಾರದು.

ನಾನು ಮೊದಲು ಹಾಸ್ಟೆಲ್‌ನ ಬಂಕ್ ಬೆಡ್ಡಿನಲ್ಲಿದ್ದೆ, ಆಮೇಲೆ ಹಂಚಿಕೊಂಡ ಮನೆಯಲ್ಲಿ ಒಂದು ರೂಮು ಹಿಡಿದೆ. ಊರಿಗೋ ಪ್ರವಾಸಕ್ಕೋ ಹೋಗುವವರು ತಮ್ಮ ರೂಮನ್ನು ಕೆಲವು ತಿಂಗಳ ಮಟ್ಟಿಗೆ ಬಾಡಿಗೆಗೆ ಬಿಡ್ತಾರೆ, ಡಬ್ಲ್ಯೂಜಿ-ಗೆಸುಖ್ಟ್ ಅನ್ನೋ ಜಾಲತಾಣದಲ್ಲಿ ಅಂಥವು ಬೇಕಾದಷ್ಟು ಇರ್ತವೆ. ಸಂದೇಶ ಜರ್ಮನ್‌ನಲ್ಲೇ ಬರೀರಿ, ಚಿಕ್ಕದಾಗಿ: ನೀವ್ಯಾರು, ಏನು ಕೆಲಸ, ಯಾವಾಗಿಂದ ಬೇಕು. ಒಂದೇ ಸಂದೇಶವನ್ನ ಎಲ್ಲರಿಗೂ ಕಳಿಸಿದರೆ ಉತ್ತರ ಬರೋದು ಕಡಿಮೆ. ಕರೆದರೆ ಅಡುಗೆಮನೇಲಿ ಕೂರಿಸಿ ಮಾತಾಡಿಸ್ತಾರೆ. ನನಗೆ ಕೇಳಿದ್ದು ಪಾತ್ರೆ ಯಾವಾಗ ತೊಳೀತೀಯಾ ಅಂತ. ಕೆಲಸದ ಇಂಟರ್‌ವ್ಯೂನೇ ಇದಕ್ಕಿಂತ ಸಲೀಸಿತ್ತು.

ರೊಕ್ಕ ಕೊಡೋ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: "ಇಲ್ಲಿ ಆನ್‌ಮೆಲ್ಡುಂಗ್ (ವಿಳಾಸದ ನೋಂದಣಿ) ಮಾಡಿಸಬಹುದಾ?" ಮನೆಗೆ ಹೋದ 2 ವಾರದೊಳಗೆ ವಿಳಾಸವನ್ನ ಬ್ಯೂರ್ಗರ್‌ಆಮ್ಟ್ ಅನ್ನೋ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಇರೋ ಕಾಗದ ಬೇಕು. ನೋಂದಣಿ ಆಗದಿದ್ದರೆ ತೆರಿಗೆ ನಂಬರ್ ಬರೋದಿಲ್ಲ, ಸಂಬಳದಲ್ಲಿ ಜಾಸ್ತಿ ತೆರಿಗೆ ಕಡಿತ ಆಗಬಹುದು. ರೂಮು ಕೊಡೋ ಸುಮಾರು ಜನ ಇದಕ್ಕೆ ಒಪ್ಪೋದಿಲ್ಲ. ಅಂಥ ರೂಮು ಎಷ್ಟು ಅಗ್ಗ ಇದ್ದರೂ ಬಿಟ್ಟುಬಿಡಿ.

ಬಾಡಿಗೆ ನೋಡುವಾಗ 'ಕಾಲ್ಟ್' ಅಂತ ಬರೆದಿದ್ದರೆ ಅದು ಬರೀ ಮನೆಯ ಬಾಡಿಗೆ. 'ವಾರ್ಮ್' ಅಂತಿದ್ದರೆ ನೀರು, ಕಸದ ಖರ್ಚು, ಸಾಮಾನ್ಯವಾಗಿ ಹೀಟಿಂಗ್ ಕೂಡ ಸೇರಿರುತ್ತೆ. ಕರೆಂಟು, ಇಂಟರ್ನೆಟ್ ಹೆಚ್ಚಾಗಿ ಬೇರೆ. ಅದರ ಮೇಲೆ ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯುರೋ ಪ್ರಸಾರ ಶುಲ್ಕ. ಡಿಪಾಸಿಟ್ಟು ಕಾನೂನು ಪ್ರಕಾರ 3 ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಅದನ್ನೂ 3 ಕಂತಿನಲ್ಲಿ ಕಟ್ಟಬಹುದು. ಏಜೆಂಟರ ಕಮಿಷನ್ನು 2015ರಿಂದ ಅವರನ್ನ ಕರೆಸಿದವರ ತಲೆಗೇ.

ಆಮೇಲೆ ಸ್ವಂತಕ್ಕೆ ಮನೆ ಹುಡುಕಿದೆ. ಧಾರವಾಡದ ಸಪ್ತಾಪುರದಲ್ಲಿ ಊರು ಯಾವುದು, ಮನೇಲಿ ಯಾರ್ಯಾರಿದ್ದಾರೆ ಅಂತ ಕೇಳ್ತಾರೆ, ಬರ್ಲಿನ್‌ನಲ್ಲಿ ಫೈಲು ಕೇಳ್ತಾರೆ ಅಷ್ಟೇ. 3 ತಿಂಗಳ ಸಂಬಳದ ಚೀಟಿ, ಪಾಸ್‌ಪೋರ್ಟ್ ಪ್ರತಿ, ಶೂಫಾ ಅನ್ನೋ ಸಾಲದ ವರದಿ, ಹಿಂದಿನ ಮನೆಯಲ್ಲಿ ಬಾಕಿ ಇಲ್ಲ ಅನ್ನೋ ಪತ್ರ. ಒಂದು ಮನೆ ನೋಡೋಕೆ ಮೆಟ್ಟಿಲ ತುಂಬ ಜನ, ಎಲ್ಲರ ಕೈಯಲ್ಲೂ ಅದೇ ಥರದ ಫೈಲು. ಒಳಗೆ ಹೋದರೆ ಅಡುಗೆಮನೇಲಿ ಸಿಂಕೂ ಇಲ್ಲ, ಒಲೆಯೂ ಇಲ್ಲ, ಗೋಡೆಯಿಂದ ನಳದ ಪೈಪು ಮಾತ್ರ ಹೊರಗೆ ಬಂದಿತ್ತು, ಬಲ್ಬಿನ ಜಾಗದಲ್ಲಿ ಎರಡು ವೈರು. ಜರ್ಮನಿಯಲ್ಲಿ ಬಹಳಷ್ಟು ಕಡೆ ಇದು ಮಾಮೂಲು! ಬಿಟ್ಟುಹೋಗುವವರಿಂದಲೇ ಹಳೇ ಸಾಮಾನು ಕೊಂಡುಕೊಂಡರೆ ಉಳಿತಾಯ.

ಸರ್ಕಾರದ ವಸತಿ ಕಂಪನಿಗಳೂ ಇವೆ, ಡೆಗೆವೋ, ಹೊವೋಗೆ ಥರದವು. ಅವುಗಳ ಖಾಲಿ ಮನೆಗಳು ಇನ್‌ಬರ್ಲಿನ್‌ವೋನೆನ್ ಜಾಲತಾಣದಲ್ಲಿ ಒಟ್ಟಿಗೇ ಸಿಗ್ತವೆ. ನಡುಊರಲ್ಲೇ ಬೇಕು ಅಂತ ಹಟ ಬೇಡ. ಸ್ಪಾಂಡೌ, ಮಾರ್ಜಾನ್ ಕಡೆ ನೋಡಿ. ಧಾರವಾಡದಿಂದ ದಿನಾ ಚಿಗರಿ ಬಸ್ಸಲ್ಲಿ ನಿಂತು ಬಂದವರಿಗೆ ಆ ರೈಲು ಪ್ರಯಾಣ ಏನೂ ಅನ್ನಿಸೋದಿಲ್ಲ.

ಕೀಲಿ ತಗೊಳ್ಳೋ ದಿನ ಗೋಡೆಯ ಗೀರು, ನೆಲದ ಕಲೆ, ಮೀಟರಿನ ಅಂಕಿ ಎಲ್ಲಾ ಕಾಗದದಲ್ಲಿ ಬರೆಸಿ, ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಮನೆ ಬಿಡುವಾಗ ಡಿಪಾಸಿಟ್ಟಿನ ಲೆಕ್ಕ ಆಗೋದು ಆ ಕಾಗದದ ಮೇಲೇ.